ನೀರು ಬಿಡುವವನ ಎಣಿಕೆ

ಮೆಷಿನ್ನು ಹನ್ನೊಂದು ಸಾವಿರ ಅಂದಿತು.
ನಂಬಲಿಲ್ಲ. ಗಾಜಿನ ಮೇಲೆ ಒಂದು ತೊಟ್ಟು ಎಳೆದು,
ಬಣ್ಣ ಕುಡಿಸಿ, ಎಣ್ಣೆಯ ಹನಿಯಿಟ್ಟು, ಕೂತೆ,
ರಾತ್ರಿ ಎರಡೂವರೆಗೆ,
ಹಾಸನದ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ.

ಕೆಂಪುಕಣಗಳದ್ದು ಮಂಗಳವಾರದ ಸಂತೆಯ ನೂಕುನುಗ್ಗಲು.
ಅದರ ನಡುವೆ ನಾನು ಹುಡುಕುವುದು
ಯಾರೋ ಉದುರಿಸಿಕೊಂಡು ಹೋದ ನೇರಳೆ ಪುಡಿ.
ಇಲ್ಲೊಂದು. ಆಮೇಲೆ ಇಲ್ಲ. ಇಲ್ಲ.
ಅಗೋ! ಅಲ್ಲ, ಬಣ್ಣದ ಕೊಳೆ.
ಮೆಷಿನ್ನು ಸುಳ್ಳು ಹೇಳಿರಲಿಲ್ಲ.

ಚೀಟಿಯ ಹೆಸರು ಓದಿದ್ದು ಆಗ:
ಜವರಯ್ಯ, ನಲವತ್ತೇಳು, ಪೆನ್ಷನ್ ಮೊಹಲ್ಲಾ.

ನಮ್ಮ ಬೀದಿಗೆ ನೀರು ಬಿಡುವವನು.
ಹೆಗಲ ಮೇಲೆ ಉದ್ದನೆ ಕಬ್ಬಿಣದ ಕೀಲಿ,
ಸೈಕಲ್ಲಿನ ಗಂಟೆ ಎರಡು ಸಲ.
ಐದು ದಿನಕ್ಕೊಮ್ಮೆ ಬರುತ್ತಾನೆಂದೇ
ನಾವು ತುಂಬಿಡುವುದು ಡ್ರಮ್ಮು, ಕೊಳಗ, ಪೇಂಟಿನ ಬಕೆಟ್ಟು;
ಮುಚ್ಚಳವಿದ್ದಕ್ಕೆ ಮುಚ್ಚಳ, ಇಲ್ಲದ್ದಕ್ಕೆ ದೇವರು.
ಮೊದಲು ಹುಟ್ಟಿದವು ನಿಲ್ಲಲಿಲ್ಲವೆಂದು
ಜವರಾಯನ ಹೆಸರನ್ನೇ ಇಟ್ಟರಂತೆ,
ಅವನ ಕಣ್ಣು ತಪ್ಪಲೆಂದು. ನಗುತ್ತ ಹೇಳಿದ್ದ.

ವಾರ್ಡಿನಲ್ಲಿ ಈಗ ಒಂದೇ ಮಾತು: ನಿಮ್ಮದೆಷ್ಟು?
ನಮ್ಮದು ನಲವತ್ತು, ನೆನ್ನೆ ಅರವತ್ತಿತ್ತು.
ಆ ಮೂಲೆಯವರದು ಲಕ್ಷ ದಾಟಿತಂತೆ, ಪುಣ್ಯವಂತರು.
ಪಪ್ಪಾಯ ಎಲೆ ಜಜ್ಜಿ ಹಿಂಡಿದ ಲೋಟ ಹಿಡಿದು
ಲ್ಯಾಬಿನ ಕಿಟಕಿಗೆ ಬಂದಳು ನಿಂಗಾಜಮ್ಮ:
"ಜ್ವರ ಬಿಟ್ಟೈತೆ ಮೇಡಮ್ಮು, ಮೈ ತಣ್ಣಗೈತೆ,
ಅರ್ಧ ಇಡ್ಲಿ ತಿಂದ್ರು. ಸಾವ್ರ ಏರೈತಾ?"

ತಣ್ಣಗೆ.
ಆ ಮಾತಿಗೇ ನನ್ನ ಬೆನ್ನಿಗೆ ಚಳಿ ಹತ್ತಿತು.
ಅವಳು ಕೇಳದ ಇನ್ನೊಂದು ಅಂಕಿ ನನ್ನ ಕೈಯಲ್ಲಿತ್ತು:
ರಕ್ತ ಗಟ್ಟಿಯಾಗುತ್ತಿದೆ. ನೆನ್ನೆ ನಲವತ್ತೊಂದು, ಈಗ ಐವತ್ಮೂರು.
ನಾಳ ಬಿಟ್ಟ ನೀರು ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತಿದೆ.
ಮೊಹಲ್ಲಾದ ಪೈಪು ಎಲ್ಲೆಲ್ಲಿ ಒಡೆದಿದೆಯೆಂದು ಬಲ್ಲವನ
ಮೈಯೊಳಗೆ ಯಾವ ಕೀಲಿಗೂ ಸಿಗದ ಸೋರಿಕೆ.

ಫೋನೆತ್ತಿದೆ. ಡ್ಯೂಟಿ ಡಾಕ್ಟರು ಓಡಿದ ಚಪ್ಪಲಿ ಸದ್ದು.
ಇನ್ನು ಸಲೈನು, ಗಂಟೆ ಗಂಟೆಗೂ ಲೆಕ್ಕ ಹಾಕಿ;
ಕಮ್ಮಿಯಾದರೆ ಒಣಗುತ್ತಾನೆ, ಹೆಚ್ಚಾದರೆ ಮುಳುಗುತ್ತಾನೆ.
ಅವನ ಕೆಲಸವೂ ಅದೇ ಆಗಿತ್ತು,
ಯಾವ ಬೀದಿಗೆ ಎಷ್ಟು ಸುತ್ತು.

ಬೆಳಿಗ್ಗೆ ಮನೆಗೆ ಬಂದು ಡ್ರಮ್ಮಿಗೆ ಬಗ್ಗಿ ನೋಡಿದೆ.
ಅಲ್ಪವಿರಾಮಗಳ ಹಾಗೆ ಬಾಗಿ ಬಾಗಿ ಕುಣಿಯುತ್ತಿದ್ದವು.
ಎಣಿಸಲಿಲ್ಲ. ಒದ್ದು ಕೆಡವಿದೆ.
ಚರಂಡಿಯವರೆಗೂ ಹರಿಯಿತು ಐದು ದಿನದ ನೀರು.
ಪಕ್ಕದ ಮನೆಯ ಮುನವ್ವರ್ ಭಾಯಿ ಹಲ್ಲುಜ್ಜುತ್ತಿದ್ದವರು
"ಏನಮ್ಮಾ, ತಲೆ ಕೆಟ್ಟಿತಾ? ಇವತ್ತು ನೀರಿನವನೂ ಬಂದಿಲ್ಲ" ಅಂದರು.

ಗೊತ್ತು, ಅಂದೆ.