ಜಿನ್ನಿಂಗ್ ಶೆಡ್ಡಿನ್ಯಾಗ ಕೌದಿ

ಮುಧೋಳದ ಹಳೇ ಜಿನ್ನಿಂಗ್ ಶೆಡ್ಡಿನ್ಯಾಗ
ತಗಡಿನ ಸಂದ್ಯಾಗ ಇನ್ನೂ ಅರಳಿ ಸಿಕ್ಕೊಂಡೈತಿ.
ಅದರ ಕೆಳಗ ಹಗ್ಗ ಎಳದು
ಹನ್ನೊಂದು ಮಾರಿನ ಕೌದಿ ತೂಗಬಿಟ್ಟೀವಿ.

ಕೌದಿ ಇರೂದು ಹೊದಿಯಾಕ, ನೋಡಾಕಲ್ಲ,
ಅಂತ ಮೊದಲ ಜಗಳಾ ತಗದಾಕಿ ನಾನ.
ಬೆಳಗಾವಿಯಿಂದ ಬಂದ ಚಿತ್ರದ ಹುಡುಗಿ
ಮೆಲ್ಲಕ ಅಂದ್ಲು: ಹೊದಿಸಾಕ ಅವರಿಲ್ಲಲ್ಲ, ಯಕ್ಕಾ.
ಸೂಜಿ ಕೊಡು ಅಂದೆ.

ಇದು ತುಳಜವ್ವನ ಗುಳೇದಗುಡ್ಡದ ಖಣ.
ಬಗಲಾಗ ಬೆವರಿನ ಬಿಳಿ ಗೆರಿ ಹಂಗ ಐತಿ.
ಒಗದು ಹಾಕು ಅಂದ್ರು; ಒಗೀಲಿಲ್ಲ ನಾ.
ಇದು ಮೌಲಾಸಾಬನ ಖಾಕಿ ಅಂಗಿ,
ಕಿಸೆ ಬಿಚ್ಚಿಲ್ಲ. ಒಳಗ ನಿಪ್ಪಾಣಿ ನಾಕಾದ ಚೀಟಿ,
ಬೆಲ್ಲ, ಹದಿನಾರು ಟನ್ನು, ಅಂತ ಬರದದ್ದು.
ಇದೊಂದು ಕುಂಚಿಗಿ.
ಹೆಸರಿಡೂದರಾಗ ಹೋತು ಕೂಸು.

ಹೆಸರಿನ ಜಾಗಾದಾಗ ಭಾಳ ಮಂದಿ
ಬರೇ ತೀರಿಕೊಂಡ ವಾರ ಹಾಕಸ್ಯಾರ. ಸೋಮಾರ. ಬುಧವಾರ.
ಊರಾಗ ಟಿ.ಬಿ. ಅಂತ ಹೇಳೇವಿ,
ತಂಗೀ ಮದಿವಿ ಐತಿ,
ಅಂತ ಬಾಗಲದಾಗ ನಿಂತು ಬಟ್ಟಿ ಕೊಟ್ಟು ಹೋದ್ರು.
ಅಡ್ಡಿಯಿಲ್ಲ.
ವಾರಾನ ಚೆಂದಾಗಿ ಹೊಲದೆ, ಕೆಂಪು ದಾರದಾಗ.

ನನ್ನ ತಮ್ಮ ಶೆಟ್ಟೆಪ್ಪಂದು ಒಂದು ಟವಲು.
ಮೊದಲ ನಡಕ್ಕ ಒಂದು ಸುತ್ತು ಬರತಿತ್ತು,
ಕಡೀಕ ಎರಡು.

ನಿನ್ನೆ ಸಂಜಿಮುಂದ
ಬಸ್ ಸ್ಟ್ಯಾಂಡಿನ ಛಾದಂಗಡಿ ಗುರುಪಾದಪ್ಪ ಬಂದ.
ಧೋತರದ ಚುಂಗಿನ್ಯಾಗಿಂದ ಒಂದು ಗ್ಲಾಸು ತಗದ.
ತಳದಾಗ ಕೆಂಪು ಎಣ್ಣಿಬಣ್ಣದ ಚುಕ್ಕಿ.
ಶೆಟ್ಟೆಪ್ಪಗಂತ ಬ್ಯಾರೆ ಇಟ್ಟದ್ದು,
ಹೊರಗ, ಬೇವಿನ ಗಿಡದ ಟೊಂಗಿಗೆ ಬೋರಲ ಹಾಕಿ.
ತಮ್ಮ ತಾನ ತಗೋತಿದ್ದ, ತಾನ ತೊಳೀತಿದ್ದ,
ತಾನ ತಿರಗಿ ಟೊಂಗಿಗೆ ಹಾಕಿ
ರೊಕ್ಕಾ ಪೂರಾ ಕೊಟ್ಟು ಬರತಿದ್ದ.

ಇದನ್ನೂ ಹೊಲಿ ಯವ್ವಾ, ಅಂದ.

ಗಾಜಿಗೆ ಸೂಜಿ ಹೆಂಗ ಹಾಕಲಿ?
ಬೈಬೇಕು ಅಂತ ಬಾಯಿ ತಗದೆ.
ಎಂಟು ವರ್ಷ ಇಟ್ಕೊಂಡಾನಲ್ಲ, ಒಡೀದಂಗ,
ಅದೂ ಒಂದು ತಿಳೀವಲ್ತು.

ಥರ್ಮಾಸಿನ್ಯಾಗ ಹುಡುಗಿ ತಂದ ಛಾ ಇತ್ತು.
ಅದ ಗ್ಲಾಸಿಗೆ ಸುರುವಿ
ಅವನ ಮುಂದ ಇಟ್ಟೆ.

ಭಾಳ ಹೊತ್ತು ಎರಡೂ ಕೈಯಾಗ ಹಿಡಕೊಂಡು ಕುಂತ.
ಮ್ಯಾಲ ಕೆನಿ ಕಟ್ಟಿತು.
ನಾ ತಲಿ ಎತ್ತಲಿಲ್ಲ,
ತಮ್ಮನ ಟವಲಿನ ಅಂಚಿಗೆ ಟಿಪ್ಪಿ ಹಾಕ್ಕೋತನ ಇದ್ದೆ.
ಕುಡದ ಸಪ್ಪಳ ಕೇಳಿಸಿತು.

ಆಮ್ಯಾಲ, ಹೊರಗ,
ನಳದ ಸಪ್ಪಳ.