ಎತ್ತಿದ ಕೈ

ಮಸೇರುವಿನಿಂದ ನಮೂನೆ ಬಂದಿದೆ, ಹನ್ನೊಂದು ಪುಟ.
ದೂರಸ್ಥ ಪುನಶ್ಚೇತನ ಚಿಕಿತ್ಸೆ ಅಳವಡಿಸಿಕೊಳ್ಳಲು
ನಿಮ್ಮ ಕೇಂದ್ರದ ಸನ್ನದ್ಧತೆ ಎಷ್ಟು?
ಒಂದರಿಂದ ಐದರೊಳಗೆ ಗುರುತು ಹಾಕಿ.

ಜುಲೈ ಚಳಿಗೆ ಪೆನ್ನಿನ ಶಾಯಿ ನಿಂತಿದೆ.
ಕಂಕುಳಲ್ಲಿಟ್ಟು ಕಾಯುತ್ತಿದ್ದೇನೆ.

ವಿದ್ಯುತ್ತು ಇದೆಯೇ?
ಇದೆ, ಸೂರ್ಯ ಮನಸ್ಸು ಮಾಡಿದರೆ.
ಫಲಕದ ಮೇಲಿನ ಹಿಮ ಕೆರೆಯಲು
ಪೊರಕೆ ಹಿಡಿದು ಏಣಿ ಹತ್ತುವವಳು ನಾನೇ.
ಮೊದಲ ಪಾಲು ಲಸಿಕೆ ಪೆಟ್ಟಿಗೆಗೆ,
ಮಿಕ್ಕದ್ದು ಪರದೆಗೆ.

ತರಬೇತಿ ಆಗಿದೆಯೇ?
ಎರಡು ದಿನ. ಒಂದೂವರೆ ದಿನ
ಪಾಸ್‌ವರ್ಡ್ ಹುಡುಕುವುದರಲ್ಲಿ ಹೋಯಿತು.
ಊಟ ಚೆನ್ನಾಗಿತ್ತು.

ರೋಗಿಗಳು ಒಪ್ಪುತ್ತಾರೆಯೇ?

ನ್ತಾತೆ ಲೆಟ್ಲಾತ್ಸ.
ಮೇಕೆಯ ಉಣ್ಣೆ ಕತ್ತರಿಸುವುದರಲ್ಲಿ
ಕಣಿವೆಗೆಲ್ಲ ಎತ್ತಿದ ಕೈ ಅನ್ನಿಸಿಕೊಂಡವರು.
ಮಾರ್ಚ್‌ನಲ್ಲಿ ಲಕ್ವ ಹೊಡೆದು
ಆ ಕೈ ಕಂಬಳಿಯೊಳಗೆ ಮಲಗಿಬಿಟ್ಟಿತು.
ಮೊಮ್ಮಗಳ ಬೆನ್ನಿಗೆ ಬಿಗಿಸಿಕೊಂಡು
ಕುದುರೆಯ ಮೇಲೆ ನಾಲ್ಕು ಗಂಟೆ ಬಂದರು.

ಪರದೆಯೊಳಗಿನ ಪುಸೆಲೆತ್ಸೊಳಿಗೆ
ಎಡಗೈಯಲ್ಲಿ ಟೋಪಿ ತೆಗೆದು ವಂದಿಸಿ
"ಮುಟ್ಟದೆ ಹೇಗೆ ಕೈ ನೋಡುತ್ತೀ, ಮಗಳೇ?" ಎಂದರು.
ಅವಳು ನಕ್ಕಳು. ನಗು ತಲುಪಲು ಹೊತ್ತು ಹಿಡಿಯಿತು.
"ಹೀಗೆ ಎತ್ತಿ.
ನಾನು ಇಳಿಸುವವರೆಗೆ ಇಳಿಸಬೇಡಿ."

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.
ಅವಳು ಇದ್ದ ಹಾಗೇ ನಿಂತಳು,
ಕೈ ಮೇಲೆ, ಬಾಯಿ ಅರ್ಧ ತೆರೆದು,
ಒಂದು ಕಣ್ಣು ಮುಚ್ಚಿ.

ನಾನು ತಂತಿ ಅಲುಗಿಸಿದೆ.
ಏಣಿ ಹತ್ತಿದೆ, ಇಳಿದೆ.
ಬೆಟ್ಟದಾಚೆಯ ಗೋಪುರಕ್ಕೆ
ದಾದಿ ಆಡಬಾರದ ಮಾತು ಆಡಿದೆ.
ಒಳಗೆ ಬಂದು ನೋಡಿದರೆ
ಮುದುಕರ ಬಲಗೈ ಕಂಬಳಿಯಿಂದ ಹೊರಗೆ,
ಎದೆಯ ಮಟ್ಟಕ್ಕೆ, ಗಡಗಡ ನಡುಗುತ್ತ.
ಆ ಥಂಡಿಯಲ್ಲಿ ಹಣೆ ತುಂಬ ಬೆವರು.
ಮೊಮ್ಮಗಳು ಉಸಿರು ಬಿಡುತ್ತಿಲ್ಲ.

"ಇಳಿಸಿ ನ್ತಾತೆ, ಸಾಕು."
"ಅವಳು ಇನ್ನೂ ಇಳಿಸಿಲ್ಲವಲ್ಲ"
ಎಂದರು, ಹಲ್ಲು ಕಚ್ಚಿ,
ಪರದೆಯಿಂದ ಕಣ್ಣು ಕೀಳದೆ.

ಇದಕ್ಕೆ ಎಷ್ಟು ಹಾಕಲಿ?
ನೆಟ್‌ವರ್ಕಿಗೆ ಒಂದು. ಅದೂ ಧಾರಾಳ.
ಒಪ್ಪಿಗೆಯ ಮುಂದೆ ಐದು ಬರೆದು
ಹೊಡೆದು ಹಾಕಿದೆ.
ಅವರು ಒಪ್ಪಿದ್ದು ಯಾವುದಕ್ಕೆ?
ಕೆಟ್ಟು ನಿಂತ ಚಿತ್ರಕ್ಕೆ ಅವರು ಮಾತು ಉಳಿಸಿಕೊಂಡದ್ದನ್ನು
ನಮ್ಮ ವ್ಯವಸ್ಥೆಯ ಲೆಕ್ಕಕ್ಕೆ ಹೇಗೆ ಸೇರಿಸಲಿ?

ಕೊನೆಯ ಪುಟ: ಇತರೆ. ಎರಡೇ ಗೆರೆ ಜಾಗ.
ಏಣಿಯ ಮೂರನೇ ಮೆಟ್ಟಿಲು ಮುರಿದಿದೆ,
ಹೊಸದು ಕಳಿಸಿ, ಎಂದು ಬರೆದೆ.

ಗುರುವಾರ ಅವರು ಮತ್ತೆ ಬರುತ್ತಾರೆ.
ನಮೂನೆ ಡಾಂಬರು ರಸ್ತೆ ಸೇರುವುದೂ
ಅದೇ ಕುದುರೆಯ ಮೇಲೆ.