ಬೋರಲು ಹಾಕಿದ ಕಟ್ಟು

ಬೂದಿ ಬುಧವಾರ ಪೂಜೆಗೆ ಹೋದಾಗ
ಬೆರಳಲ್ಲಿ ಆಗಲೇ ಮಸಿ ಇತ್ತು.
ಹಣೆಗೆ ಬೂದಿ ಇಡಿಸಿಕೊಂಡು ಮನಸ್ಸಲ್ಲೇ ಅಂದೆ:
ನಲವತ್ತು ದಿನ ಬಾಡು ಬಿಡುವುದೇನು ದೊಡ್ಡದು,
ಪೇಪರ್ ಓದುವುದು ಬಿಡುತ್ತೇನೆ ಸ್ವಾಮಿ.
ಟೀವಿ, ಫೋನು, ಅದೂ ಸೇರಿ.

ಹೇಳಿದರೆ ನಗುತ್ತಾರೆ.
ಹಾಸನದ ಬಸ್ ನಿಲ್ದಾಣದ ಕಂಬದ ಬುಡದಲ್ಲಿ
ಇಪ್ಪತ್ತಾರು ವರ್ಷದಿಂದ ಪೇಪರ್ ಎಣಿಸುವ ಏಜೆಂಟ್ ಚೌರಪ್ಪ
ಪೇಪರ್ ಓದುವುದಿಲ್ಲವಂತೆ!
ಹೆಂಡದಂಗಡಿಯವನು ಕುಡಿಯದಿದ್ದರೆ
ಯಾರೂ ನಗುವುದಿಲ್ಲ.

ಕಾರಣ ಲೂರ್ದಮ್ಮನಿಗೆ ಮಾತ್ರ ಗೊತ್ತು.
ರಾತ್ರಿ ಒಂದೂವರೆಗೆ ಎದ್ದು ಫೋನು ತಿಕ್ಕುತ್ತಿದ್ದೆ,
ಯಾವ ಊರಲ್ಲಿ ಎಷ್ಟು ಜನ ಹೋದರು ಎಂದು.
ಎಣಿಸುವುದು ಕೈಗೆ ಬಂದ ಕಸುಬು.
ಪೇಪರ್ ಎಣಿಸಿದ ಹಾಗೇ ಹೆಣ ಎಣಿಸಿದೆ,
ನೂರಾ ಹನ್ನೆರಡು, ನೂರಾ ಹದಿಮೂರು,
ಬೆರಳಿಗೆ ಎಂಜಲು ಹಚ್ಚಿ.
ಅವಳ ತಮ್ಮನಿಗೆ ಲಕ್ವ ಹೊಡೆದ ದಿನ
ಅಳುತ್ತಾ ಬಂದು ಹೇಳಿದಳು.
ನಾನು ತಲೆ ಎತ್ತದೆ ಕೇಳಿದ್ದೆ:
"ಎಷ್ಟು ಜನ?"

ನಾಲ್ಕಕ್ಕೆ ವ್ಯಾನು ಬರುತ್ತದೆ.
ಕಟ್ಟು ಇಳಿಸಿ ಬೋರಲು ಹಾಕುತ್ತೇನೆ.
ಹಿಂದಿನ ಪುಟದಲ್ಲಿ ಕ್ರಿಕೆಟ್ಟು,
ಅದಕ್ಕೆ ಮೇಲೊಂದು ಆಲೂಗಡ್ಡೆ ಗೋಣಿ,
ಚರ್ಚಿನಲ್ಲಿ ಸ್ವರೂಪಗಳಿಗೆ ನೇರಳೆ ಬಟ್ಟೆ ಮುಚ್ಚುತ್ತಾರಲ್ಲ, ಹಾಗೆ.
ಸೈಕಲ್ ಹುಡುಗ ಮುನೀರ ಕೇಳಿದ:
"ಯಾಕಣ್ಣಾ, ಪೇಪರ್‌ಗೆ ಚಳಿಯಾ?"

ಐವತ್ತರ ಲೆಕ್ಕದಲ್ಲಿ ಕಟ್ಟುತ್ತೇವೆ.
ಜಪಸರದಲ್ಲೂ ಹತ್ತರಂತೆ ಐದು ಸಲ ನಮೋ ಮರಿಯಾ.
ಸರಿಯಾಯಿತು ಎಂದು ಎಣಿಸುತ್ತಾ ಜಪಿಸಿದೆ.
ಮೊದಲಿನ ಮೂರು ಮಣಿ ಮರೆತಿದ್ದೆ;
ಸಾಲಗಾಮೆ ರಸ್ತೆಗೆ ಅಂದು ಮೂರು ಪೇಪರ್ ಹೆಚ್ಚು ಹೋದವು.

ಶಾಂತಿ ಬಂತು ಎಂದರೆ ಸುಳ್ಳು.
ಮೊದಲ ವಾರ ಮೈಯೆಲ್ಲ ತುರಿಕೆ.
ಟೀ ಅಂಗಡಿಯ ಟೀವಿಗೆ ಬೆನ್ನು ಹಾಕಿ ಕೂತರೂ
ಕಿವಿ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು, ನಾಯಿಯದ್ದರಂತೆ.
ಮೂರನೇ ವಾರ, ಯಾವತ್ತೋ ಒಂದು ದಿನ,
ಆರು ಗಂಟೆಯ ಚರ್ಚಿನ ಗಂಟೆ
ಕಂಬದ ಹತ್ತಿರಕ್ಕೂ ಕೇಳಿಸಿತು.
ಇಪ್ಪತ್ತಾರು ವರ್ಷ ಅದು ಎಲ್ಲಿಗೆ ಹೋಗುತ್ತಿತ್ತೋ.
ಕಸ ಗುಡಿಸುವ ಪುಟ್ಟಗೌರಿ ಪೊರಕೆ ನಿಲ್ಲಿಸಿ
"ಇವತ್ತು ನಕ್ಕ ಹಾಗಿದೀಯಲ್ಲ" ಅಂದಳು.

ಶನಿವಾರ ಕಡ್ಲೆಪುರಿ ತಿಂದು
ಪೊಟ್ಟಣ ಬಿಡಿಸಿದ್ದೇ ತಪ್ಪಾಯಿತು.
ಕಣ್ಣು ವ್ರತ ಮುರಿಯಿತು.
ಯಾವ ವರ್ಷದ್ದೋ ಹಳೇ ಪೇಪರ್.
ಕಾಣೆಯಾಗಿದ್ದಾನೆ. ಅರಕಲಗೂಡು. ಹನ್ನೊಂದು ವರ್ಷ.
ನೀಲಿ ಅಂಗಿ, ಎಡ ಹುಬ್ಬಿನ ಮೇಲೆ ಗಾಯದ ಗುರುತು,
ಕೇಳಿದರೆ ಹೆಸರು ಹೇಳುತ್ತಾನೆ.
ಹೆಸರಿದ್ದ ಕಡೆ ಎಣ್ಣೆ.
ಫೋನ್ ನಂಬರ್ ಆರಂಕಿಗೆ ಹರಿದಿತ್ತು.

ಇಂಥದ್ದನ್ನು ನಾನು ಎಷ್ಟು ಸಾವಿರ ಸಲ ಮಡಚಿ ಹಂಚಿದ್ದೇನೆ.

ಆ ರಾತ್ರಿ ಸಂತೋಷದ ರಹಸ್ಯಗಳು.
ಐದನೆಯದಕ್ಕೆ ಬಂದಾಗ ಮಣಿ ಮುಂದಕ್ಕೆ ಹೋಗಲಿಲ್ಲ.
ಹನ್ನೆರಡರ ಹುಡುಗ, ಹಬ್ಬದ ಜಂಗುಳಿ,
ಮೂರು ದಿನ ಬೀದಿ ಬೀದಿ ಕೇಳುತ್ತಾ ಅಲೆದ ತಾಯಿ.
ಸಿಕ್ಕಿದ್ದಕ್ಕೆ ಅದು ಸಂತೋಷದ ಲೆಕ್ಕಕ್ಕೆ ಸೇರಿತು.
ಸಿಗದಿದ್ದರೆ, ಅಮ್ಮಾ, ಯಾವ ಲೆಕ್ಕಕ್ಕೆ?
ಲೂರ್ದಮ್ಮ ಏನೂ ಕೇಳದೆ
ನಿಂತ ಕಡೆಯಿಂದ ತಾನು ಹೇಳತೊಡಗಿದಳು.
ನೀಲಿ ಅಂಗಿಯ ಹುಡುಗನಿಗೆ ಆ ಹತ್ತು.
ಮಾರನೇ ರಾತ್ರಿಯೂ.
ಮಲಗಿದರೆ ಬೆಳಗಿನವರೆಗೂ ನಿದ್ದೆ.

ಪಾಸ್ಕದ ಭಾನುವಾರ ಗೋಣಿ ತೆಗೆದೆ.
ಮುಖಪುಟ ಬಿಟ್ಟ ಕಡೆಯಿಂದಲೇ ಕೂಗುತ್ತಿತ್ತು.
ಒಂಬತ್ತನೇ ಪುಟದ ಮೂಲೆ ಬಿಡಿಸಿದೆ.
ಒಬ್ಬ ಮುದುಕಿ. ಕಂದು ಸೀರೆ, ಕಿವಿ ಮಂದ,
ಬೇಲೂರು ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ.
ನಂಬರ್ ಪೂರ್ತಿ ಇತ್ತು.

ಬೇಲೂರು ಬಸ್ಸು ನಿಲ್ಲುವುದು
ನನ್ನ ಕಂಬದಿಂದ ಹತ್ತೇ ಹೆಜ್ಜೆ.
ಎಣಿಸುವುದನ್ನು ಮುನೀರನಿಗೆ ಬಿಟ್ಟು
ಪೇಪರ್ ಕಂಕುಳಿಗೆ ಸಿಕ್ಕಿಸಿ ಹೋದೆ,
ಕಂಡಕ್ಟರನ್ನು ಕೇಳಲು.